ತಿರುಮೂರ್ತಿ ಹಿಡಿದ ಬಿಳಿ ಕಾರು

ತಮಿಳು ಸೀಮೆಯ ಕರುಮತ್ತಂಪಟ್ಟಿಯಲ್ಲಿ ನೆಲೆಸಿದ ಕನ್ನಡದ ಮನೆಯವನು ತಿರುಮೂರ್ತಿ ಕಾರು ಓಡಿಸಲು ಕಲಿತದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಮೂವತ್ತು ವರ್ಷಗಳನ್ನು ಎಂಟು ಪವರ್‌ಲೂಮ್ ಮಗ್ಗಗಳ ಶೆಡ್ಡಿನಲ್ಲಿ ಕಳೆದಿದ್ದ. ಆ ಸದ್ದಿನಲ್ಲಿ ಬದುಕಿದ್ದರಿಂದ ಅವನಿಗೆ ಎರಡು ಗುಣ ಅಂಟಿಕೊಂಡಿದ್ದವು. ಹೇಳುವುದನ್ನೆಲ್ಲ ಕೂಗಿ ಹೇಳುವುದು ಒಂದು. ಇನ್ನೊಬ್ಬರು ಹೇಳಿದ್ದನ್ನು ಕೇಳಿಸಿಕೊಳ್ಳದಿರುವುದು ಇನ್ನೊಂದು. ಸ್ಟಿಯರಿಂಗ್ ಹಿಡಿದ ಮೇಲೆ ಮೂರನೆಯದೂ ಬಂದು ಸೇರಿತು: ಈ ಜಿಲ್ಲೆಯಲ್ಲಿ ತನ್ನನ್ನು ಬಿಟ್ಟರೆ ಬೇರೆ ಯಾರಿಗೂ ಗಾಡಿ ಓಡಿಸಲು ಬರುವುದಿಲ್ಲ ಎಂಬ ದೃಢವಾದ ನಂಬಿಕೆ.

ಮೂರು ವರ್ಷಗಳಲ್ಲಿ ಅವನ ಬೂದು ಬಣ್ಣದ ಕಾರಿನ ನಾಲ್ಕು ಮೂಲೆಗಳೂ ನಜ್ಜುಗುಜ್ಜಾದವು. ಒಂದು ಮೂಲೆಗೆ ಲಾರಿಯವನು ಕಾರಣ, ಒಂದಕ್ಕೆ ಎಮ್ಮೆ, ಒಂದಕ್ಕೆ ಪಂಚಾಯಿತಿಯ ನೀರಿನ ಟ್ಯಾಂಕರು. ನಾಲ್ಕನೆಯದಕ್ಕೆ ಅವನದೇ ಮನೆಯ ಗೇಟಿನ ಕಂಬ ಕಾರಣ. ಅದು ಅಡ್ಡ ಬಂದಿತ್ತಂತೆ. ಶರವಣಂಪಟ್ಟಿಯ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತ ಅಲ್ಲೇ ಹಾಸ್ಟೆಲಿನಲ್ಲಿದ್ದ ಮಗಳು ಶೋಭನಾ ಈ ಕಂಬದ ಕತೆ ಕೇಳಿದ ಮರುವಾರವೇ ಒಂದು ಪುಟ್ಟ ಕ್ಯಾಮೆರಾ ತಂದು ಕಾರಿನ ಮುಂಗಾಜಿಗೆ ಅಂಟಿಸಿದಳು.

"ಅಪ್ಪ, ನೀನು ಓಡಿಸೋವಾಗೆಲ್ಲ ಇದು ಎಲ್ಲಾನೂ ಹಿಡಿದಿಡುತ್ತೆ. ಯಾರದು ತಪ್ಪು ಅಂತ ಇನ್ಮೇಲೆ ಇದೇ ಹೇಳುತ್ತೆ" ಎಂದಳು.

ಅವಳು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದಳೆಂದು ತಾಯಿ ಪಂಕಜಂಗೆ ತಕ್ಷಣ ತಿಳಿಯಿತು. ತಿರುಮೂರ್ತಿಗೆ ತಿಳಿಯಲಿಲ್ಲ. ಸರ್ಕಾರ ತನ್ನನ್ನು ಹೆದ್ದಾರಿಗಳ ಮೇಲ್ವಿಚಾರಕನನ್ನಾಗಿ ನೇಮಿಸಿತೆಂದೇ ಅವನು ಭಾವಿಸಿದ. ಅಂದಿನಿಂದ ಕಾರು ಹತ್ತಿದರೆ ಕ್ಯಾಮೆರಾಕ್ಕೆ ಕೇಳುವಂತೆ ವರದಿ ಒಪ್ಪಿಸತೊಡಗಿದ. "ಇದೋ, ಹೆಲ್ಮೆಟ್ ಇಲ್ಲ. ನೋಡ್ಕೊ. ಇದೋ, ಇಂಡಿಕೇಟರ್ ಹಾಕ್ಲಿಲ್ಲ. ನೋಡ್ಕೊ." ತಾನು ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡುತ್ತಿತ್ತು. ಅದು ಕಾರಿನ ಕಂಪನಿಯವರ ತಪ್ಪು.

ಒಂದು ಭಾನುವಾರ ಗಂಡಹೆಂಡತಿ ಉಡುಮಲೈಪೇಟೆಯಲ್ಲಿ ನೆಂಟರ ನಿಶ್ಚಿತಾರ್ಥ ಮುಗಿಸಿಕೊಂಡು ಮಧ್ಯಾಹ್ನದ ಊಟ ಭರ್ತಿಯಾಗಿ ಉಂಡು ಹಿಂದಿರುಗುತ್ತಿದ್ದರು. ಪಲ್ಲಡಂ ಆಯಿತು, ಕಾರಣಂಪೇಟೆಯೂ ಆಯಿತು. ಸೋಮನೂರಿನ ಕಡೆಗೆ ತಿರುಗಿ ಒಂದೆರಡು ಕಿಲೋಮೀಟರ್ ಬಂದಿರಬಹುದು. ಹಿಂದಿನಿಂದ ಒಂದು ಬಿಳಿ ಕಾರು ಹಾರ್ನ್ ಹೊಡೆಯುತ್ತ ಬಂದು, ಇವರನ್ನು ದಾಟಿ, ತಿರುವಿನಲ್ಲಿ ರಸ್ತೆಯ ಬಲತುದಿಗೇ ನುಗ್ಗಿತು. ಎದುರಿಗೆ ಒಂದು ಮೊಪೆಡ್ ಬರುತ್ತಿತ್ತು. ಅದರ ಎರಡೂ ಕಡೆ ತೆಂಗಿನಕಾಯಿ ತುಂಬಿದ ಚೀಲಗಳು. ನಡುವೆ ತಲೆಗೆ ಟವೆಲ್ ಸುತ್ತಿದ, ಅರವತ್ತು ದಾಟಿದ ಒಬ್ಬ ಮನುಷ್ಯ. ಅವನು ತಪ್ಪಿಸಿಕೊಳ್ಳಲು ರಸ್ತೆ ಬಿಟ್ಟು ಇಳಿದ. ಮೊಪೆಡ್ ಮಗುಚಿತು. ಕಾಯಿಗಳು ದಾರಿಯುದ್ದಕ್ಕೂ ಉರುಳಿದವು. ಬಿಳಿ ಕಾರು ನಿಲ್ಲಲಿಲ್ಲ.

"ಅಯ್ಯೋ, ಬಿದ್ದೋದ್ರು! ನಿಲ್ಸಿ, ನಿಲ್ಸಿ! ಪಾವಂ, ವಯಸ್ಸಾದವರು!" ಎಂದು ಪಂಕಜಂ ಕಿರುಚಿದಳು.

ತಿರುಮೂರ್ತಿ ಆಕ್ಸಿಲರೇಟರ್ ತುಳಿದ. "ಬಿದ್ದವನು ಎಲ್ಲಿಗೆ ಹೋಗ್ತಾನೆ? ಅಲ್ಲೇ ಇರ್ತಾನೆ. ಕಾರು ಓಡೋಗುತ್ತಲ್ಲ! ನಂಬರ್ ಬೇಕು, ನಂಬರ್!"

ಒಂದು ಬಸ್ಸನ್ನು ಎಡಗಡೆಯಿಂದ ದಾಟಿ, ಎರಡು ನಾಯಿಗಳನ್ನು ಹೆದರಿಸಿ, ಬಿಳಿ ಕಾರಿನ ಬೆನ್ನಿಗೆ ಬಿದ್ದ. ನಂಬರ್ ಕಂಡಿತು. ಕಂಡದ್ದೇ ಮರೆತೂ ಹೋಯಿತು; ಅಂಕಿಗಳನ್ನು ಕೂಡಿದರೆ ಒಂಬತ್ತು ಎಂಬುದಷ್ಟೇ ತಲೆಯಲ್ಲಿ ಉಳಿಯಿತು. ಆದರೂ ಅವನಿಗೆ ಯುದ್ಧ ಗೆದ್ದ ಸಂತೋಷ.

"ಈಗಲಾದ್ರೂ ತಿರುಗ್ಸಿ. ಆ ಮನುಷ್ಯನ್ನ ನೋಡೋಣ" ಎಂದಳು ಪಂಕಜಂ.

ಕಾರು ತಿರುಗಿಸುವುದೆಂದರೆ ತಿರುಮೂರ್ತಿಗೆ ಕಲ್ಯಾಣ ಮಂಟಪದ ಅಂಗಳದಷ್ಟು ಜಾಗ, ಕೈ ತೋರಿಸಲು ಮೂರು ಜನ ಬೇಕಾಗುತ್ತಿತ್ತು. "ನಾಲ್ಕು ಜನ ಓಡಿ ಬಂದು ಎತ್ತಿದ್ದನ್ನ ಕನ್ನಡಿಯಲ್ಲಿ ನೋಡ್ದೆ ಬಿಡು" ಎಂದ. ಆ ಕನ್ನಡಿ ಅವನ ಹಣೆಯ ವಿಭೂತಿ ಕಾಣುವಂತೆ ತಿರುಗಿಕೊಂಡಿತ್ತು. ಪಂಕಜಂ ಮನೆ ಸೇರುವವರೆಗೂ ಮಾತಾಡಲಿಲ್ಲ. ತನ್ನ ಸಾಹಸಕ್ಕೆ ಅವಳು ಬೆರಗಾಗಿದ್ದಾಳೆಂದು ಅವನು ತಿಳಿದ.

ಸೋಮವಾರ ಬೆಳಿಗ್ಗೆ ತಿರುಮೂರ್ತಿ ಬೇಕರಿಯ ಮುಂದೆ ಟೀ ಲೋಟ ಹಿಡಿದು ನಿಂತು, ಊರಿಗೆಲ್ಲ ಕೇಳುವಂತೆ ಗುಟ್ಟು ಹೇಳಿದ.

"ನನ್ನ ಹತ್ರ ಒಂದು ವೀಡಿಯೋ ಇದೆ. ಬಿಳಿ ಕಾರು. ಆಳು ಯಾರು ಅಂತ ಈಗ ಹೇಳಲ್ಲ. ಹೇಳಿದ್ರೆ ಒಂದು ಕುಟುಂಬದ ಮಾನ ಹೋಗುತ್ತೆ."

ನಿಜಕ್ಕೂ ಆಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ವೀಡಿಯೋವನ್ನೂ ಅವನು ನೋಡಿರಲಿಲ್ಲ. ಕ್ಯಾಮೆರಾದಿಂದ ಫೋನಿಗೆ ತರಿಸುವುದು ಹೇಗೆಂದು ತಿಳಿಯದೆ, ಗುರುವಾರ ರಜೆಗೆ ಬರಲಿರುವ ಶೋಭನಾಳಿಗಾಗಿ ಕಾಯುತ್ತಿದ್ದ. ಆದರೆ ಊರಿನಲ್ಲಿ ಬಿಳಿ ಕಾರುಗಳಿಗೇನು ಬರ!

ಸಂಜೆ ಮೊದಲು ಬಂದವನು ಪಂಕಜಂಳ ತಮ್ಮ ಮುರುಗೇಶನ್. ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು. "ಭಾವ, ಅವತ್ತು ಅವಿನಾಶಿ ರೋಡಲ್ಲಿ ವೀಡಿಯೋ ಕಾಲ್‌ನಲ್ಲಿ ಮಾತಾಡ್ತಾ ಓಡಿಸಿದ್ದು ನಿಜ. ಒಂದು ಕೈ ಫೋನಲ್ಲಿ, ಒಂದು ಕೈ ಮುರುಕು ತಿನ್ನೋದ್ರಲ್ಲಿ..."

"ಸ್ಟಿಯರಿಂಗ್?"

"ಮಂಡಿ ಇತ್ತಲ್ಲ ಭಾವ!"

ತಿರುಮೂರ್ತಿ ಕಣ್ಣು ಮುಚ್ಚಿ, ತೆರೆದು, "ನೋಡೋಣ" ಎಂದ.

ಆ ಒಂದು ಮಾತಿನ ಬಲ ಅವನಿಗೆ ಅಂದು ಅರಿವಾಯಿತು. ನಿವೃತ್ತ ಹೆಡ್‌ಮಾಸ್ಟರ್ ಕಂದಸಾಮಿ ಬಂದು, ಫ್ಲೈಓವರ್ ಮೇಲೆ ಅರ್ಧ ಕಿಲೋಮೀಟರ್ ಎದುರು ದಿಕ್ಕಿನಲ್ಲಿ ಓಡಿಸಿದ್ದನ್ನು ಒಪ್ಪಿಕೊಂಡರು. "ತಪ್ಪಿ ಹೋದದ್ದಲ್ಲ ತಿರುಮೂರ್ತಿ. ಸುತ್ತಿಕೊಂಡು ಬರೋಕೆ ಬೇಜಾರಾಯ್ತು. ಮೂವತ್ತೈದು ವರ್ಷ ಶಿಸ್ತು ಹೇಳಿಕೊಟ್ಟವನು ನಾನು. ಯೋಚನೆ ಮಾಡು." "ನೋಡೋಣ ಸಾರ್." ಮರುದಿನ ಎದುರು ಮನೆಯ ಜಾನಮ್ಮ ಒಂದು ಡಬ್ಬಿ ಮೈಸೂರುಪಾಕು ತಂದು, ನಿಂತಿದ್ದ ಆಟೋದ ದೀಪ ಒಡೆದು ಸುಮ್ಮನೆ ಬಂದುಬಿಟ್ಟದ್ದನ್ನು ಅಳುತ್ತ ಹೇಳಿದಳು. ಜಾನಮ್ಮನಿಗೆ ಬಿಳಿಯದಿರಲಿ, ಯಾವ ಬಣ್ಣದ ಕಾರೂ ಇರಲಿಲ್ಲ. ಇದ್ದದ್ದು ಒಂದು ಸ್ಕೂಟರ್. ಅವಳಿಗೂ "ನೋಡೋಣ"ವೇ ಸಿಕ್ಕಿತು.

ಪೊಲೀಸರಿಗೆ ವರ್ಷವಿಡೀ ಸಿಕ್ಕದಷ್ಟು ತಪ್ಪೊಪ್ಪಿಗೆ ಎರಡೇ ದಿನದಲ್ಲಿ ಅವನ ವರಾಂಡದಲ್ಲಿ ನಡೆಯಿತು. ಯಾರೊಬ್ಬರೂ ತಮ್ಮ ಗಾಡಿಗೆ ಸಿಕ್ಕವರ ಗತಿ ಏನಾಯಿತೆಂದು ಹೇಳಲಿಲ್ಲ. ತಿರುಮೂರ್ತಿಯೂ ಕೇಳಲಿಲ್ಲ. ಕೇಳುತ್ತಿದ್ದವಳು ಪಂಕಜಂ ಒಬ್ಬಳೇ. ಒಬ್ಬೊಬ್ಬರಿಗೂ ಕಾಫಿ ಕೊಟ್ಟು ಒಳಗೆ ಬಂದಾಗಲೆಲ್ಲ, "ಆ ತೆಂಗಿನಕಾಯಿಯವರು ಏನಾದ್ರೋ?" ಎನ್ನುತ್ತಿದ್ದಳು. "ಅದನ್ನ ಪೊಲೀಸ್ ನೋಡ್ಕೊಳ್ತಾರೆ" ಎಂಬುದು ಅವನ ಉತ್ತರ. "ಪೊಲೀಸಿಗೆ ಯಾರು ಹೇಳಿದ್ರು?" ಎಂದರೆ ಅವನಿಗೆ ಮಗ್ಗದ ಸದ್ದಿಗೆ ಮಂದವಾದ ಕಿವಿ ನೆನಪಾಗುತ್ತಿತ್ತು.

ಬುಧವಾರ ನೂಲಿನ ವ್ಯಾಪಾರಿ ಮೋಹನ್ ರಾಜ್ ಬಂದ. ಊರಿನ ವ್ಯಾಪಾರಿಗಳ ಸಂಘದ ಅಧ್ಯಕ್ಷ. ಅವನಂಥವನು ತನ್ನ ಮೆಟ್ಟಿಲು ಹತ್ತಿದ್ದು ಕಂಡು ತಿರುಮೂರ್ತಿ ತಾನೇ ಟವೆಲಿನಿಂದ ಕುರ್ಚಿ ಒರೆಸಿದ.

"ಸುಮ್ನೆ ಬಂದೆ ಅಣ್ಣ. ಏನೋ ವೀಡಿಯೋ ಅಂತಾರೆ. ಯಾವ ಜಾಗದಲ್ಲಿ?"

"ಕಾರಣಂಪೇಟೆ ದಾಟಿ, ಸೋಮನೂರು ರೋಡಲ್ಲಿ. ಭಾನುವಾರ ಮೂರು ಗಂಟೆಗೆ."

ಮೋಹನ್ ರಾಜ್‌ನ ಕಾಫಿ ಲೋಟ ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು.

"ಎಂಥ ಸೇವೆ ಅಣ್ಣ ನಿಮ್ಮದು! ಶುಕ್ರವಾರ ನಮ್ಮ ಸಂಘದ ರಸ್ತೆ ಸುರಕ್ಷತೆ ಸಭೆ ಇದೆ. ನಿಮಗೆ ಒಂದು ಪೊನ್ನಾಡೆ ಹೊದಿಸಲೇಬೇಕು. ಅಲ್ಲಿವರೆಗೆ ವೀಡಿಯೋ ಯಾರಿಗೂ ತೋರಿಸ್ಬೇಡಿ."

ಜರಿಶಾಲಿನ ಮಾತು ಕಿವಿಗೆ ಬಿದ್ದದ್ದೇ ತಿರುಮೂರ್ತಿಯ ಬುದ್ಧಿ ಕೆಲಸ ನಿಲ್ಲಿಸಿತು. ಸಂಜೆ ಕ್ಷೌರಕ್ಕೆ ಹೋದ.

ಗುರುವಾರ ಶೋಭನಾ ಬಂದು ವೀಡಿಯೋವನ್ನು ಅವನ ಫೋನಿಗೆ ಇಳಿಸಿದಳು. ಮೂವರೂ ಸೋಫಾದ ಮೇಲೆ ಕುಳಿತು ನೋಡಿದರು. ಚಿತ್ರ ಕನ್ನಡಿಯಂತೆ ಸ್ವಚ್ಛ. ಬಿಳಿ ಕಾರು, ತಿರುವು, ಮೊಪೆಡ್, ಉರುಳುವ ಕಾಯಿಗಳು. ಆಮೇಲೆ ಕಾರಿನ ಹಿಂಭಾಗ. ನಂಬರಿಗಿಂತ ಎದ್ದು ಕಾಣುತ್ತಿದ್ದದ್ದು ಹಿಂದಿನ ಗಾಜಿನ ಮೇಲಿನ ಕೆಂಪಕ್ಷರದ ಸ್ಟಿಕ್ಕರು: ವ್ಯಾಪಾರಿಗಳ ಸಂಘ, ಅಧ್ಯಕ್ಷರು. ನಂಬರಿನ ಗಡಿಬಿಡಿಯಲ್ಲಿ ತಿರುಮೂರ್ತಿ ಅದನ್ನು ಅವತ್ತು ನೋಡಿಯೇ ಇರಲಿಲ್ಲ.

ಅದಕ್ಕಿಂತ ದೊಡ್ಡ ಆಘಾತ ಬೇರೆ ಇತ್ತು. ಕ್ಯಾಮೆರಾ ಧ್ವನಿಯನ್ನೂ ಹಿಡಿದಿತ್ತು. ಮೂವತ್ತು ವರ್ಷ ಮಗ್ಗದ ಮುಂದೆ ಕೂಗಿ ಪಳಗಿದ ಗಂಟಲು, ಒಂದಕ್ಷರ ಮಸುಕಾಗಿರಲಿಲ್ಲ. ಬಿದ್ದವನು ಎಲ್ಲಿಗೆ ಹೋಗ್ತಾನೆ, ಅಲ್ಲೇ ಇರ್ತಾನೆ. ಕೆಳಮೂಲೆಯಲ್ಲಿ ಅವನ ಕಾರಿನ ವೇಗ ತೊಂಬತ್ತನಾಲ್ಕು ಎಂದು ಮಿನುಗುತ್ತಿತ್ತು.

ಶೋಭನಾ ಫೋನನ್ನು ಟೀಪಾಯಿಯ ಮೇಲಿಟ್ಟಳು. "ಅಪ್ಪ, ಆ ಮನುಷ್ಯ ಈಗ ಎಲ್ಲಿದ್ದಾರೆ?"

"ಮೊದ್ಲು ಆ ಸೌಂಡ್ ತೆಗೀಬಹುದಾ ಮಗಳೇ, ನೋಡು."

"ಸೌಂಡ್ ತೆಗೆದ್ರೆ ವೀಡಿಯೋ ತಿದ್ದಿದ್ದಾರೆ ಅಂತಾರೆ. ಹಾಗೇ ಕೊಡ್ಬೇಕು. ಅಪ್ಪ, ನಾನು ಕೇಳಿದ್ದು ಬೇರೆ."

"ಐದು ದಿನದಿಂದ ನಾನೂ ಅದನ್ನೇ ಕೇಳ್ತಾ ಇದ್ದೀನಿ" ಎಂದು ಪಂಕಜಂ ಎದ್ದು ಹೋದಳು.

ಅಷ್ಟರಲ್ಲಿ ಮೋಹನ್ ರಾಜ್‌ನ ಫೋನು ಬಂತು. ತಿರುಮೂರ್ತಿ ಅದನ್ನು ಹಿಡಿದು ಶೆಡ್ಡಿನ ಹಿಂದಕ್ಕೆ ಹೋದ.

"ನೋಡಿದ್ರಾ ಅಣ್ಣ?"

"ನೋಡ್ದೆ."

"ಅಂದ್ರೆ ನನ್ನ ಕಾರು ನೋಡಿದ್ರಿ."

"ನಿಮ್ಮದು ನೋಡ್ದೆ. ನನ್ನದು ಕೇಳ್ದೆ" ಎಂದು ತಿರುಮೂರ್ತಿ ನಿಟ್ಟುಸಿರು ಬಿಟ್ಟ.

ವಿಷಯ ಏನೆಂದು ಕೇಳಿ ತಿಳಿದುಕೊಂಡ ಮೋಹನ್ ರಾಜ್‌ಗೆ ಹೋದ ಪ್ರಾಣ ಬಂದಂತಾಯಿತು. "ಅಳಿಸಿಬಿಡಿ ಅಣ್ಣ. ಕ್ಯಾಮೆರಾ ಕೆಟ್ಟೋಯ್ತು ಅಂದ್ರೆ ಮುಗೀತು. ಪೊನ್ನಾಡೆ ಹೇಗಿದ್ರೂ ತಂದಾಗಿದೆ. ನಮ್ಮ ಸಂಘಕ್ಕೆ ಒಬ್ಬ ಉಪಾಧ್ಯಕ್ಷ ಬೇರೆ ಬೇಕಾಗಿದ್ದಾನೆ."

ಹೀಗೆ ಬೀಳಿಸಿ ಹೋದವನೂ ನೋಡಿ ಹೋದವನೂ ಎರಡೇ ನಿಮಿಷದಲ್ಲಿ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡರು. ತಿರುಮೂರ್ತಿ ಫೋನಿನಿಂದ ವೀಡಿಯೋ ಅಳಿಸಿ, ಅಳಿಸಿದ್ದು ನಿಜವೇ ಎಂದು ಮೂರು ಸಲ ನೋಡಿ, ನೆಮ್ಮದಿಯಿಂದ ಒಳಗೆ ಬಂದ. ಕ್ಯಾಮೆರಾದೊಳಗೆ ಒಂದು ಕಾರ್ಡ್ ಇರುತ್ತದೆ, ಮೂಲ ಅದರಲ್ಲಿಯೇ ಉಳಿದಿರುತ್ತದೆ ಎಂಬ ಜ್ಞಾನ ಅವನಿಗಿರಲಿಲ್ಲ. ಶೋಭನಾಳಿಗಿತ್ತು. ಶುಕ್ರವಾರ ಬೆಳಿಗ್ಗೆ, ಅಪ್ಪ ಮೀಸೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ, ಅವಳು ಕಾರ್ಡ್ ಬಿಚ್ಚಿಕೊಂಡು ತಾಯಿಯ ಜೊತೆ ಬಸ್ಸು ಹತ್ತಿದಳು.

ಸಭೆ ಕಲ್ಯಾಣ ಮಂಟಪದಲ್ಲಿ. ವೇದಿಕೆಯ ಮೇಲೆ ದೊಡ್ಡ ಪರದೆ, ಸೀಟ್ ಬೆಲ್ಟಿನ ಚಿತ್ರ. ಮುಖ್ಯ ಅತಿಥಿ ಊರಿನ ಸಬ್ ಇನ್‌ಸ್ಪೆಕ್ಟರ್ ಗೋಮತಿ. ವರಾಂಡಕ್ಕೆ ಬಂದು ಹೋದವರೆಲ್ಲ ಮುಂದಿನ ಸಾಲಿನಲ್ಲಿ ಭಯಭಕ್ತಿಯಿಂದ ಕುಳಿತಿದ್ದರು. ಮೋಹನ್ ರಾಜ್ ತಮಿಳಿನಲ್ಲಿ ಅರ್ಧ ಗಂಟೆ ಮಾತಾಡಿದ. ರಸ್ತೆಯೆಂದರೆ ತಾಯಿಯಂತೆ, ವೇಗವೆಂದರೆ ಯಮನಂತೆ, ಎದುರು ಬರುವವನು ಒಡಹುಟ್ಟಿದವನಂತೆ. ಚಪ್ಪಾಳೆಯೋ ಚಪ್ಪಾಳೆ. ತಿರುಮೂರ್ತಿಯ ಹೆಗಲಿಗೆ ಜರಿಶಾಲು ಬಿತ್ತು.

ಗೋಮತಿ ಎದ್ದು ಮೈಕು ತೆಗೆದುಕೊಂಡಳು. "ನಿಮ್ಮ ಹತ್ತಿರ ಒಂದು ವೀಡಿಯೋ ಇದೆ ಅಂತ ಊರೆಲ್ಲ ಹೇಳುತ್ತಿದೆ ಸಾರ್. ನಮ್ಮ ಠಾಣೆಯ ದಾರಿ ಮಾತ್ರ ಅದಕ್ಕೆ ಗೊತ್ತಾಗಲಿಲ್ಲ."

"ಇತ್ತು ಮೇಡಂ. ಕ್ಯಾಮೆರಾ ಕೆಟ್ಟು ಅಳಿಸಿಹೋಯ್ತು."

"ಛೆ, ಎಂಥ ನಷ್ಟ!" ಮೋಹನ್ ರಾಜ್ ಹಣೆ ಚಚ್ಚಿಕೊಂಡ. ಅಳಿಸಿದ್ದು ಖಚಿತವಾದ ಮೇಲೆ ಅವನ ಧೈರ್ಯ ಉಕ್ಕಿ ಹರಿಯತೊಡಗಿತ್ತು. "ಇದ್ದಿದ್ದರೆ ಈ ಪರದೆಯ ಮೇಲೇ ಹಾಕಿಸುತ್ತಿದ್ದೆ. ನಮ್ಮ ಸಂಘದವನೇ ಆಗಿರಲಿ, ನನ್ನ ಅಣ್ಣತಮ್ಮನೇ ಆಗಿರಲಿ, ಮುಖ ಎಲ್ಲರಿಗೂ ತೋರಿಸುತ್ತಿದ್ದೆ!"

"ಅಧ್ಯಕ್ಷರೇ ಒಪ್ಪಿದ ಮೇಲೆ ಇನ್ನೇನು?" ಗೋಮತಿ ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದು ಪ್ರೊಜೆಕ್ಟರ್‌ನವನ ಕೈಗೆ ಕೊಟ್ಟಳು. "ಬೆಳಿಗ್ಗೆ ಇಬ್ಬರು ಹೆಂಗಸರು ಕಾರ್ಡ್ ತಂದುಕೊಟ್ಟರು. ಇದು ಅದರ ಪ್ರತಿ. ಹಾಕಪ್ಪ."

ದೀಪ ಆರಿತು. ಬಿಳಿ ಕಾರು ಪರದೆಯ ತುಂಬ ನುಗ್ಗಿತು. ತಿರುವಿನಲ್ಲಿ ಅದು ಬಲತುದಿಗೆ ಹೋದಾಗ ಸಭೆ "ಥೂ" ಎಂದಿತು. ಮೊಪೆಡ್ ಮಗುಚಿದಾಗ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಆಗ ನಾಲ್ಕು ಸ್ಪೀಕರುಗಳಿಂದ ತಿರುಮೂರ್ತಿಯ ಕಂಠ ಗುಡುಗಿತು.

"ಬಿದ್ದವನು ಎಲ್ಲಿಗೆ ಹೋಗ್ತಾನೆ? ಅಲ್ಲೇ ಇರ್ತಾನೆ!"

ಅರ್ಧ ಸಭೆಗೆ ಮನೆಮಾತು ಕನ್ನಡ. ಉಳಿದರ್ಧಕ್ಕೆ ಪಕ್ಕದವರು ತಮಿಳಿನಲ್ಲಿ ಹೇಳಿಕೊಟ್ಟರು. ಹೀಗಾಗಿ ನಗು ಎರಡು ಕಂತಿನಲ್ಲಿ ಬಂತು. ಪರದೆಯ ಮೇಲೆ ಬಸ್ಸು ಬಲಕ್ಕೆ ಸರಿಯಿತು, ನಾಯಿಗಳು ಹಾರಿದವು, ಕೆಂಪಕ್ಷರದ ಸ್ಟಿಕ್ಕರು ಹತ್ತಿರ ಹತ್ತಿರ ಬಂದು ನಿಂತಿತು. ನಗು ಪಕ್ಕನೆ ಅಡಗಿತು. ಎಲ್ಲರೂ ಸ್ಟಿಕ್ಕರನ್ನು ನೋಡಿ, ಆಮೇಲೆ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಶೌಚಾಲಯದ ಬಾಗಿಲು ಎಲ್ಲಿದೆಯೆಂದು ನೋಡುತ್ತಿದ್ದರು.

"ಅದು... ಅವತ್ತು ಡ್ರೈವರ್ ಇದ್ದಿರಬೇಕು ಮೇಡಂ" ಎಂದ ಮೋಹನ್ ರಾಜ್.

"ನಿಮಗೆ ಡ್ರೈವರ್ ಯಾವಾಗ ಬಂದ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

ಹೆಡ್‌ಮಾಸ್ಟರ್ ಕಂದಸಾಮಿ ಎದ್ದು ನಿಂತರು. ನಾಲ್ಕು ದಿನ ಹೊಟ್ಟೆಯಲ್ಲಿ ಹೆದರಿಕೆ ಹೊತ್ತು ತಿರುಗಿದ ಸಿಟ್ಟೆಲ್ಲ ಗಂಟಲಿಗೆ ಬಂದಿತ್ತು. "ತಿರುಮೂರ್ತಿ, ಕಾರಿನವನು ನೋಡದೆ ಹೋದ ಅಂತಾದ್ರೂ ಇಟ್ಕೊಳ್ಳೋಣ. ನೀನು ನೋಡಿ ಹೋದೆಯಲ್ಲಪ್ಪ!" ಮುರುಗೇಶನ್ ತಲೆಯಾಡಿಸಿದ. ಜಾನಮ್ಮ ಕೂಡ "ಪೋ, ಪೋ" ಎಂದು ಮುಖ ತಿರುಗಿಸಿದಳು. ತಮ್ಮ ತಮ್ಮ ಫ್ಲೈಓವರು, ಮುರುಕು, ಆಟೋ ದೀಪಗಳನ್ನು ಅವರೆಲ್ಲ ಆ ಕ್ಷಣಕ್ಕೆ ಮರೆತು ಪರಮ ಸಜ್ಜನರಾಗಿಬಿಟ್ಟಿದ್ದರು.

ಮೋಹನ್ ರಾಜ್ ಮೇಲೆ ಕೇಸಾಯಿತು. ಮರುದಿನವೇ ಅವನು ತೆಂಗಿನಕಾಯಿಯವನಿದ್ದ ಆಸ್ಪತ್ರೆಗೆ ಸೇಬಿನ ಬುಟ್ಟಿ ಹೊತ್ತುಕೊಂಡು ಹೋಗಿ ಫೋಟೋ ತೆಗೆಸಿಕೊಂಡ. ತಿರುಮೂರ್ತಿಗೆ ಸಾಕ್ಷಿಯ ಸಮನ್ಸ್ ಬಂತು; ಅದರ ಜೊತೆಗೇ ಅತಿವೇಗಕ್ಕೂ ಎಡಗಡೆಯಿಂದ ಬಸ್ಸು ದಾಟಿದ್ದಕ್ಕೂ ದಂಡದ ಚೀಟಿಗಳೂ ಬಂದವು. ತನ್ನ ವಿರುದ್ಧ ತಾನೇ ಇಷ್ಟು ಸ್ಪಷ್ಟವಾದ ಸಾಕ್ಷ್ಯ ಸಂಗ್ರಹಿಸಿದವರನ್ನು ಈವರೆಗೆ ಕಂಡಿಲ್ಲವೆಂದು ಗೋಮತಿ ಮೆಚ್ಚಿಕೊಂಡಳು. ಬೇಕರಿಯ ಬೆಂಚಿನಲ್ಲಿ ಅವನಿಗೆ ಯಾರೂ ಜಾಗ ಕೊಡಲಿಲ್ಲ. "ನಿಂತೇ ಇರಿ ಅಣ್ಣ" ಎಂದ ಟೀ ಹಾಕುವವನು. "ನೀವು ನಿಲ್ಲೋದನ್ನ ನಾವು ಯಾರೂ ನೋಡಿಲ್ಲ."

ಕೊನೆಗೆ ಪಂಕಜಂ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ತೆಂಗಿನಕಾಯಿಯವನ ಹೆಸರು ಮಾರಿಮುತ್ತು. ಉಡುಮಲೈ ಕಡೆಯ ಕನ್ನಡದ ಒಕ್ಕಲು ಮನೆಯವನು. ಮಗಳ ಊರಿಗೆ ಬಂದು ಕಾಯಿ ವ್ಯಾಪಾರ ಮಾಡಿಕೊಂಡಿದ್ದ. ಬಲಗಾಲಿಗೆ ತೊಡೆಯವರೆಗೂ ಪ್ಲಾಸ್ಟರ್ ಕಟ್ಟು. ಯಾವ ಕಾರೆಂದು ತಿಳಿಯದೆ ಐದು ದಿನ ಅವನ ದೂರು ಠಾಣೆಯಲ್ಲಿ ಸುಮ್ಮನೆ ಬಿದ್ದಿತ್ತು. ನಂಬರ್ ಇಲ್ಲದೆ ವಿಮೆಯ ಪರಿಹಾರ ಕೇಳುವಂತಿರಲಿಲ್ಲ.

ತಿರುಮೂರ್ತಿ ಹಾಸಿಗೆಯ ಪಕ್ಕ ನಿಂತು, ಜೀವನದಲ್ಲಿ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದ. "ಅವತ್ತು... ಯಾರಾದ್ರೂ ಬಂದಿರ್ತಾರೆ ಅಂದ್ಕೊಂಡೆ."

ಮಾರಿಮುತ್ತು ಅವನನ್ನು ಮೇಲಿಂದ ಕೆಳಗೆ ನೋಡಿದ. "ಬಂದ್ರು ಸಾರ್. ಮೊದ್ಲು ಬಂದವರು ಕಾಯಿ ಆರಿಸ್ಕೊಂಡು ಹೋದ್ರು. ಆಮೇಲೆ, ಪೊಲೀಸ್ ತೋರಿಸಿದ ವೀಡಿಯೋದಲ್ಲಿ ನೀವು ದಾಟಿದ್ರಲ್ಲ, ಆ ಬಸ್ಸು ಮುಂದಿನ ಟ್ರಿಪ್ಪಿಗೆ ವಾಪಸ್ ಬಂದಾಗ ಡ್ರೈವರ್ ನಿಲ್ಸಿ ಎತ್ತಿ ಹಾಕ್ಕೊಂಡ್ರು. ಅಷ್ಟರವರೆಗೆ ಅಲ್ಲೇ ಇದ್ದೆ. ಇಪ್ಪತ್ತು ನಿಮಿಷ."

ಪಂಕಜಂ ಗಂಡನ ಕಡೆ ನೋಡಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮಾರಿಮುತ್ತುವಿಗೆ ಕೊಟ್ಟು, ತೀರ್ಪು ಹೇಳಿದಳು. "ಅಣ್ಣ, ನಿಮಗೆ ನಡೆಯೋಕೆ ಆಗೋವರೆಗೆ ಪ್ರತಿ ಮಂಗಳವಾರ ಇವರೇ ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಬಂದು ಬಿಡ್ತಾರೆ. ಕೋರ್ಟಿಗೆ ಬಂದು ಸಾಕ್ಷಿನೂ ಹೇಳ್ತಾರೆ. ತಪ್ಪಿಸಿದ್ರೆ ನನಗೆ ಫೋನ್ ಮಾಡಿ."

ತಿರುಮೂರ್ತಿ ತಪ್ಪಿಸಲಿಲ್ಲ. ಸಾಕ್ಷಿಯನ್ನೂ ಹೇಳಿದ, ಪ್ರತಿ ಮಂಗಳವಾರ ಕಾರನ್ನೂ ತಂದ. ಮಾರಿಮುತ್ತು ಮುಂದಿನ ಸೀಟಿನಲ್ಲಿ ಕಾಲು ಚಾಚಿ, ಊರುಗೋಲನ್ನು ಎದೆಗೊತ್ತಿಕೊಂಡು ಕೂರುತ್ತಿದ್ದ. ಮೊದಲ ವಾರ ತಿರುಮೂರ್ತಿ ಒಂದು ಆಟೋವನ್ನೂ ಆಸ್ಪತ್ರೆಯ ಹೂಕುಂಡವನ್ನೂ ತಾಗಿಸಿದ. ಎರಡನೆಯ ವಾರ ಎಡಕ್ಕೆ ತಿರುಗಲು ಹೋಗಿ ವೈಪರ್ ಓಡಿಸಿ, ಹಿಂದೆ ಬರುತ್ತಿದ್ದ ಲಾರಿಯವನಿಗೆ ಇಂಡಿಕೇಟರಿನ ಮಹತ್ವದ ಬಗ್ಗೆ ಉಪದೇಶ ಮಾಡಿದ. ಮೂರನೆಯ ವಾರ ಅವಿನಾಶಿ ರಸ್ತೆಯಲ್ಲಿ ಒಬ್ಬ ಹೆಲ್ಮೆಟ್ ಇಲ್ಲದವನನ್ನು ಬೆರಳು ತೋರಿಸಿ ಬೈಯುವಾಗ ಎರಡೂ ಕೈಗಳು ಸ್ಟಿಯರಿಂಗ್ ಬಿಟ್ಟಿದ್ದವು.

ಅಂದು ಮನೆಯ ಮುಂದೆ ಇಳಿದ ಮಾರಿಮುತ್ತು, ಊರುಗೋಲು ಊರಿ ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡ. ಆಮೇಲೆ ಬಹಳ ಮರ್ಯಾದೆಯಿಂದ ಕೈ ಮುಗಿದ.

"ನಿಮ್ಮ ದೊಡ್ಡ ಮನಸ್ಸು ಸಾರ್. ಮುಂದಿನ ವಾರದಿಂದ ನಾನು ಬಸ್ಸಲ್ಲೇ ಹೋಗ್ತೀನಿ."